ಹಳೇ ರೇಡಿಯೋಗೆ ಬೇರೆ ಸ್ಪೀಕರ್

ಅಕ್ಕಂದಿರೇ, ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಮರದ ರೇಡಿಯೋ ಇದೆಯಾ? ಮಾತಾಡಲ್ಲ ಅಂತ ಗುಜರಿಗೆ ಹಾಕಬೇಡಿ. ಎಷ್ಟೋ ಸಲ ಅದರ ಸ್ಪೀಕರ್ ಮಾತ್ರ ಕೆಟ್ಟಿರುತ್ತದೆ. ಸ್ಪೀಕರ್ ಬದಲಾಯಿಸಿದರೆ ರೇಡಿಯೋ ಮತ್ತೆ ಹಾಡಬಹುದು.

ಈ ರೇಡಿಯೋ ಒಳಗೆ ಗಾಜಿನ ಬುರುಡೆಗಳಿರುತ್ತವೆ. ಅವೇ ವಾಲ್ವ್. ಕಾದ ಮೇಲೆ ಅವು ಕೆಂಪಗೆ ಬೆಳಗುತ್ತವೆ. ನಮ್ಮ ಯಶವಂತಪುರದ ಆಚೆ ಜಾಲಹಳ್ಳಿ ಇದೆಯಲ್ಲ? ಅಲ್ಲಿ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಶುರುವಾಯಿತು. ಅದನ್ನೇ ನಾವು ಬಿ.ಇ.ಎಲ್. ಅನ್ನುತ್ತೇವೆ. ಒಂದು ಕಾಲದಲ್ಲಿ ಅಲ್ಲಿ ರೇಡಿಯೋ ವಾಲ್ವ್ ತಯಾರಾಗುತ್ತಿತ್ತು. ಬೆಂಗಳೂರು ಆಕಾಶವಾಣಿ ಶುರುವಾದದ್ದು 1955ರಲ್ಲಿ. ಆಗ ಜನ ಕೇಳುತ್ತಿದ್ದದ್ದು ಇಂಥ ರೇಡಿಯೋದಲ್ಲೇ.

ಮೊದಲು ಎಚ್ಚರ

ವಾಲ್ವ್ ರೇಡಿಯೋ ಒಳಗೆ 200 ವೋಲ್ಟ್‌ಗೂ ಹೆಚ್ಚು ಕರೆಂಟ್ ಓಡುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಒಳಗೆ ಕರೆಂಟ್ ಉಳಿದಿರುತ್ತದೆ. ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಹಿಂದಿನ ಮುಚ್ಚಳ ನೀವು ಬಿಚ್ಚಬೇಡಿ. ಮಕ್ಕಳಿಗೂ ಬಿಡಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ರೇಡಿಯೋಗೆ ಒಮ್ಮೆಲೇ ಕರೆಂಟ್ ಕೊಡಬೇಡಿ. ಒಳಗೆ ಸುಟ್ಟು ಹೊಗೆ ಬರಬಹುದು. ಮೊದಲು ರಿಪೇರಿಯವರಿಗೆ ತೋರಿಸಿ.

ಹಾಗಾದರೆ ನಾವು ಯಾಕೆ ಇದನ್ನು ಕಲಿಯಬೇಕು? ಸರಿಯಾದ ಸ್ಪೀಕರ್ ಹುಡುಕುವ ಕೆಲಸ ನಾವೇ ಮಾಡಬಹುದು. ಅದಕ್ಕೆ ಓದು ಬೇಕು. ಗೊತ್ತಿದ್ದರೆ ಯಾರೂ ನಮ್ಮನ್ನು ಏಮಾರಿಸಲು ಆಗಲ್ಲ.

ಸ್ಪೀಕರ್ ಕೆಟ್ಟಿದೆಯಾ?

ಸ್ಪೀಕರ್ ಒಳಗೆ ಕಾಗದದ ಕೊಳವೆಯಂಥ ಬಟ್ಟಲು ಇರುತ್ತದೆ. ಅದು ಅದುರಿದರೆ ಸದ್ದು. ಕಾಗದ ಹರಿದರೆ ಜರ್ ಜರ್ ಅನ್ನುತ್ತದೆ. ಸಣ್ಣ ಹರಕಿಗೆ ತೆಳು ಕಾಗದ, ಅಂಟು ಹಚ್ಚಿ ಸರಿ ಮಾಡಬಹುದು. ಒಳಗಿನ ತಂತಿ ಸುರುಳಿ ಕಡಿದರೆ ಸದ್ದೇ ಬರಲ್ಲ. ಆಗ ಬೇರೆ ಸ್ಪೀಕರ್ ಬೇಕು.

ಏನು ಓದಬೇಕು?

ಕೆಟ್ಟ ಟಿ.ವಿ., ಟೇಪ್ ರೆಕಾರ್ಡರ್‌ಗಳಿಂದ ಬಿಚ್ಚಿದ ಸ್ಪೀಕರ್ ಸಿಕ್ಕರೂ ಸಾಕು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಕೇಳಬಹುದು. ಅದರ ಬೆನ್ನ ಮೇಲೆ ಬರೆದಿರುವುದನ್ನು ಓದಿ.

1. ಓಮ್: ಅಂಕಿಯ ಪಕ್ಕ ಕುದುರೆ ಲಾಳದಂಥ ಗುರುತು ಇರುತ್ತದೆ. ಹಳೇ ರೇಡಿಯೋಗೆ ಸಾಮಾನ್ಯವಾಗಿ 3ರಿಂದ 5 ಓಮ್ ಬೇಕು. ಈಗ 4 ಓಮ್ ಸ್ಪೀಕರ್ ಸಿಗುತ್ತದೆ. 8 ಓಮ್ ಹಾಕಿದರೂ ಹಾಡುತ್ತದೆ, ಆದರೆ ಸದ್ದು ಅಷ್ಟು ಚೆನ್ನಾಗಿರಲ್ಲ.

2. ವ್ಯಾಟ್: ಮನೆ ರೇಡಿಯೋಗೆ 5 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನದು ಸಾಕು.

3. ಅಳತೆ: ಹಳೇ ಸ್ಪೀಕರ್ ಎಷ್ಟು ಅಂಗುಲ ಅಂತ ಟೇಪಿನಿಂದ ಅಳೆಯಿರಿ. ಹೊಸದು ಚಿಕ್ಕದಾದರೂ ಚಿಂತೆ ಇಲ್ಲ. ಪ್ಲೈವುಡ್ ತುಂಡಿನಲ್ಲಿ ಅದರ ಅಳತೆಗೆ ದುಂಡಗೆ ತೂತು ಕೊರೆಸಿ, ಅದಕ್ಕೆ ಸ್ಪೀಕರ್ ಕೂರಿಸಿ. ಆ ತುಂಡನ್ನು ರೇಡಿಯೋ ಒಳಗೆ ತಿರುಪು ಹಾಕಿ ಬಿಗಿಸಲಿ.

ಕೊಳ್ಳುವ ಮುಂಚೆ ಪರೀಕ್ಷೆ ಮಾಡಿ. ಬಿಡಿ ಸ್ಪೀಕರಿನ ಎರಡು ತಂತಿಗಳನ್ನು ಟಾರ್ಚಿನ ಒಂದು ಸೆಲ್ಲಿನ ಎರಡು ತುದಿಗೆ ಕ್ಷಣ ಮಾತ್ರ ತಾಗಿಸಿ. ಟಕ್ ಅಂದರೆ ಸ್ಪೀಕರ್ ಚೆನ್ನಾಗಿದೆ. ರೇಡಿಯೋ ಒಳಗೆ ಜೋಡಿಸಿರುವ ಸ್ಪೀಕರಿಗೆ ಹೀಗೆ ಮಾಡಬೇಡಿ.

ರಿಪೇರಿಯವರಿಗೆ ಹೇಳುವ ಮೂರು ಮಾತು

"ಅಣ್ಣ, ಹಳೇ ಸ್ಪೀಕರ್ ಜೊತೆಗಿರುವ ಟ್ರಾನ್ಸ್‌ಫಾರ್ಮರ್ ಬಿಸಾಕಬೇಡಿ." ವಾಲ್ವಿನ ಕರೆಂಟನ್ನು ಸ್ಪೀಕರಿಗೆ ಹೊಂದಿಸುವುದು ಅದೇ. ಹೊಸ ಸ್ಪೀಕರನ್ನೂ ಅದಕ್ಕೇ ಜೋಡಿಸಬೇಕು.

"ಸ್ಪೀಕರ್ ಇಲ್ಲದೆ ರೇಡಿಯೋ ಹಾಕಬೇಡಿ." ಹಾಕಿದರೆ ಆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

"ಹಳೇ ಸ್ಪೀಕರಿಗೆ ಎಷ್ಟು ತಂತಿ ಹೋಗಿದೆ, ನೋಡಿ." ತುಂಬಾ ಹಳೇ ರೇಡಿಯೋಗಳಲ್ಲಿ ಸ್ಪೀಕರಿನ ಅಯಸ್ಕಾಂತವೂ ತಂತಿ ಸುರುಳಿಯೇ. ರೇಡಿಯೋದ ಕರೆಂಟ್ ಆ ಸುರುಳಿಯ ಮೂಲಕವೇ ಓಡುತ್ತದೆ. ಅದನ್ನು ತೆಗೆದರೆ ರೇಡಿಯೋ ನಿಂತುಹೋಗುತ್ತದೆ. ಆ ಜಾಗಕ್ಕೆ ಬೇರೆ ಸುರುಳಿ ಹಾಕಬೇಕು. ಇದು ತಿಳಿದವರ ಕೆಲಸ.

ಇನ್ನೊಂದು ಮಾತು. ಇಂಥ ಬಹುಪಾಲು ರೇಡಿಯೋದಲ್ಲಿ ಎಫ್.ಎಂ. ಬರಲ್ಲ. ಅದಕ್ಕೆ ಸ್ಪೀಕರನ್ನು ಬೈಯಬೇಡಿ!

ಅಟ್ಟದ ಮೇಲಿನ ರೇಡಿಯೋ ಮಾರುವುದೋ ಇಟ್ಟುಕೊಳ್ಳುವುದೋ, ಅದು ನಿಮ್ಮ ಇಷ್ಟ. ಆದರೆ ಏನು ಕೆಟ್ಟಿದೆ ಅಂತ ತಿಳಿದು ತೀರ್ಮಾನ ಮಾಡಿ.

ಓದಿ, ಉತ್ತರ ಬರೆಯಿರಿ

1. ರೇಡಿಯೋದ ಹಿಂದಿನ ಮುಚ್ಚಳ ನಾವು ಯಾಕೆ ಬಿಚ್ಚಬಾರದು?
2. ಹಳೇ ಸ್ಪೀಕರ್ ಮೇಲೆ 4 ಓಮ್ ಅಂತಿದೆ. ಅಂಗಡಿಯಲ್ಲಿ 4, 8, 16 ಓಮ್ ಸ್ಪೀಕರ್‌ಗಳಿವೆ. ನೀವು ಯಾವುದು ಕೇಳುತ್ತೀರಿ?
3. ಸರಿಯೋ ತಪ್ಪೋ ಹೇಳಿ: ಹಳೇ ಟ್ರಾನ್ಸ್‌ಫಾರ್ಮರ್ ಬಿಸಾಕಬಹುದು.
4. ನಿಮ್ಮ ಮನೆಯ ಮಿಕ್ಸಿ ಅಥವಾ ಫ್ಯಾನಿನ ಮೇಲೆ ಬರೆದಿರುವ ಅಂಕಿಗಳನ್ನು ಓದಿ, ಪುಸ್ತಕದಲ್ಲಿ ಬರೆದುಕೊಂಡು ಬನ್ನಿ.