ಒಂದಕ್ಷರದ ಅಂತರ

‘ಉದರ’ವೆಂದರೆ ಹೊಟ್ಟೆ, ‘ಉದಾರ’ವೆಂದರೆ ಕೊಡುಗೈಯುಳ್ಳದ್ದು. ನಡುವಣ ಸ್ವರವೊಂದು ದೀರ್ಘವಾದ ಮಾತ್ರಕ್ಕೆ ಅರ್ಥ ಎಲ್ಲಿಂದೆಲ್ಲಿಗೋ ಸಾಗಿತಷ್ಟೆ. ಇಂಗ್ಲಿಷಿನ ವೈದ್ಯಕ ಶಬ್ದಗಳಲ್ಲಿಯೂ ಇಂಥ ಜೋಡಿಗಳು ಹೇರಳವಾಗಿವೆ. ಕಾರ್ಮಿಕ ಕುಟುಂಬಗಳು ಬರುವ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಾಗಲಿ, ವಿಜಯನಗರದ ಔಷಧದಂಗಡಿಯಲ್ಲಾಗಲಿ, ಮಾತು ಬಹುಮಟ್ಟಿಗೆ ಕನ್ನಡದ್ದಾದರೂ ಚೀಟಿಯ ಬರಹ ಇಂಗ್ಲಿಷಿನದು. ಆದುದರಿಂದ ಈ ಜೋಡಿಗಳಲ್ಲಿ ಕೆಲವನ್ನು ಪರಿಶೀಲಿಸೋಣ.

‘ಪ್ರಾಸ್ಟೇಟ್’ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ. ನಡುವೆ ಒಂದು ರೇಫ ಸೇರಿ ‘ಪ್ರಾಸ್ಟ್ರೇಟ್’ ಆಯಿತೆಂದರೆ, ಸಾಷ್ಟಾಂಗ ಬಿದ್ದಿರುವುದು ಎಂದರ್ಥ. ಮೊದಲನೆಯದು ‘ಮುಂದೆ ನಿಂತದ್ದು’ ಎಂಬ ಗ್ರೀಕ್ ಪದದಿಂದ ಬಂದಿತು. ಎರಡನೆಯದು ‘ಮುಂದಕ್ಕೆ ಹರಡಿದ್ದು’ ಎಂಬ ಲ್ಯಾಟಿನ್ ಪದದಿಂದ. ನಾವು ಬಲ್ಲ ‘ಸ್ಥಾನ’, ‘ವಿಸ್ತಾರ’ ಎಂಬ ಮಾತುಗಳು ಕ್ರಮವಾಗಿ ಇವುಗಳ ದೂರದ ಬಂಧುಗಳು.

‘ಇಲಿಯಂ’ ಎಂಬ ಹೆಸರು ಇನ್ನೂ ತೊಡಕಿನದು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ಮೂರನೆಯ ಅಕ್ಷರ ‘ಇ’ ಆದರೆ ಅದು ಸಣ್ಣ ಕರುಳಿನ ಕೊನೆಯ ಭಾಗ. ‘ಐ’ ಆದರೆ ಸೊಂಟದ ಎಲುಬಿನ ಮೇಲ್ಭಾಗ. ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಬೆರಳಿಗೆ ತಗಲುವ ಗಟ್ಟಿಯಾದ ಅಂಚು ಈ ಎರಡನೆಯದೇ.

ಪ್ರಾಣಕ್ಕೇ ಸಂಬಂಧಿಸಿದ ಜೋಡಿಯೂ ಉಂಟು. ರಕ್ತದಲ್ಲಿ ಸಕ್ಕರೆ ಮಿತಿಮೀರಿದರೆ ‘ಹೈಪರ್‌ಗ್ಲೈಸೀಮಿಯ’; ತೀರ ಕುಗ್ಗಿದರೆ ‘ಹೈಪೋಗ್ಲೈಸೀಮಿಯ’. ಮೊದಲನೆಯದಕ್ಕೆ ಇನ್ಸುಲಿನ್ ಬೇಕಾಗಬಹುದು. ಎರಡನೆಯದಕ್ಕೆ ಬೇಕಾದುದು ಸಕ್ಕರೆ. ಸಕ್ಕರೆ ಕುಗ್ಗಿದವನಿಗೆ ಇನ್ಸುಲಿನ್ ಕೊಟ್ಟರೆ ಅಪಾಯ ತಪ್ಪಿದ್ದಲ್ಲ. ‘ಹೈಪರ್’ ನಮ್ಮ ‘ಉಪರಿ’ಯ ಬಂಧು, ‘ಹೈಪೋ’ ‘ಉಪ’ದ ಬಂಧು ಎಂದು ನೆನೆದರೆ ಮೇಲು ಕೆಳಗುಗಳು ಮರೆಯವು.

ಔಷಧಗಳ ಹೆಸರಿನಲ್ಲಿಯೂ ಇದೇ ತೊಂದರೆ. ಜಠರದ ಆಮ್ಲವನ್ನು ತಗ್ಗಿಸುವ ‘ಲೋಸೆಕ್’ ಎಂಬ ಔಷಧವನ್ನು ಮೂತ್ರ ಹೆಚ್ಚಿಸುವ ‘ಲೇಸಿಕ್ಸ್’ ಎಂದು ಓದಿದ ಪ್ರಸಂಗಗಳು ಅಮೆರಿಕದಲ್ಲಿ ನಡೆದುದರಿಂದ, 1990ರಲ್ಲಿ ಅಲ್ಲಿ ಮೊದಲನೆಯದರ ಹೆಸರನ್ನೇ ‘ಪ್ರೈಲೋಸೆಕ್’ ಎಂದು ಬದಲಾಯಿಸಬೇಕಾಯಿತು. ನಮ್ಮಲ್ಲಿ, ವೈದ್ಯರು ಔಷಧದ ಮೂಲನಾಮವನ್ನು ಸ್ಪಷ್ಟವಾಗಿ, ಮೇಲಾಗಿ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ವಿಧಿಸಿತು.

ವಿದ್ಯಾರ್ಥಿಗಳು ಇಲ್ಲಿ ಎರಡು ಅಭ್ಯಾಸಗಳನ್ನು ಬೆಳೆಸಿಕೊಳ್ಳಬಹುದು. ಕಾಗುಣಿತವನ್ನು ಬರಿದೆ ಉರುಹೊಡೆಯದೆ ಪದದ ಮೂಲವನ್ನು ಅರಿಯುವುದು ಒಂದು. ಮನೆಯ ಹಿರಿಯರಿಗಾಗಿ ಔಷಧ ತರುವಾಗ, ಅದು ಯಾವ ಬೇನೆಗೆಂದು ವೈದ್ಯರಲ್ಲಿ ಕೇಳಿಕೊಂಡು, ಅಂಗಡಿಯಲ್ಲಿಯೂ ಅದನ್ನೇ ಹೇಳಿ ತಾಳೆನೋಡುವುದು ಇನ್ನೊಂದು. ಹೆಸರುಗಳು ಒಂದನ್ನೊಂದು ಹೋಲಬಹುದು. ಹೊಟ್ಟೆಯುರಿಗೆಂದು ಕೇಳಿದವನ ಕೈಗೆ ಮೂತ್ರದ ಔಷಧ ಬಂದರೆ, ತಪ್ಪು ಅಲ್ಲಿಯೇ ಹೊರಬೀಳುತ್ತದೆ.