ಪರದೆ ನಮ್ಮ ಕಡೆಗೂ ತಿರುಗಲಿ



ಪಹಣಿ ಬೇಕೆಂದು ನಾಡಕಚೇರಿಗೆ ಹೋಗುತ್ತೇವೆ. ರೇಷನ್‌ಗೆಂದು ನ್ಯಾಯಬೆಲೆ ಅಂಗಡಿಗೆ ಹೋಗುತ್ತೇವೆ. ಎಲ್ಲ ಕಡೆಯೂ ಯಂತ್ರ. ಒಳಗೆ ಕೂತವರು ಏನೋ ಒತ್ತುತ್ತಾರೆ. ಕಾಗದ ಬರುತ್ತದೆ. ಅದರಲ್ಲಿ ಹೆಸರು ತಪ್ಪಿದ್ದರೆ? ಮತ್ತೆ ಅರ್ಜಿ, ಮತ್ತೆ ಬಸ್ ಚಾರ್ಜು. ಒಂದು ದಿನದ ಕೂಲಿಯೂ ಹೋಯ್ತು. ನಾವೀಗ ಓದಲು ಕಲಿತಿದ್ದೇವೆ. ಈ ಯಂತ್ರದ ಪರಿಚಯವನ್ನೂ ಮಾಡಿಕೊಳ್ಳೋಣ.

ಕಂಪ್ಯೂಟರಿನ ಸಂಸಾರ

ಹಿಟ್ಟಿನ ಗಿರಣಿ ನೋಡಿದ್ದೀರಿ. ಮೇಲೆ ರಾಗಿ ಹಾಕಿದರೆ ಕೆಳಗೆ ರಾಗಿ ಹಿಟ್ಟೇ ಬರುತ್ತೆ. ಕಂಪ್ಯೂಟರೂ ಹಾಗೇ. ತಪ್ಪು ಹೆಸರು ಹಾಕಿದರೆ ತಪ್ಪು ಹೆಸರೇ ಅಚ್ಚಾಗುತ್ತೆ.

ಒಳಕ್ಕೆ ಹಾಕುವ ಸಾಧನಗಳು:
ಕೀಲಿಮಣೆ – ಅಕ್ಷರ ಒತ್ತುವ ಹಲಗೆ. ನುಡಿ ತಂತ್ರಾಂಶ ಇದ್ದರೆ ಇಂಗ್ಲಿಷಿನ ‘ಕೆ’ ಒತ್ತಿದಾಗ ‘ಕ’ ಮೂಡುತ್ತದೆ.
ಮೌಸ್ – ಅಂಗೈ ಅಗಲದ್ದು. ಇದನ್ನು ಸರಿಸಿದರೆ ಪರದೆಯ ಮೇಲೆ ಬಾಣ ಸರಿಯುತ್ತದೆ.
ಸ್ಕ್ಯಾನರ್ – ನಮ್ಮ ಕಾಗದದ ಪಟ ತೆಗೆದು ಒಳಗಿಡುತ್ತದೆ.

ಹೊರಕ್ಕೆ ಕೊಡುವ ಸಾಧನಗಳು:
ಪರದೆ – ಒಳಗಿನ ಕೆಲಸ ತೋರಿಸುತ್ತದೆ.
ಪ್ರಿಂಟರ್ – ಕಾಗದದ ಮೇಲೆ ಅಚ್ಚು ಮಾಡುತ್ತದೆ.

ಜೊತೆಗಾರರು:
ಪೆನ್ ಡ್ರೈವ್ – ಬೆರಳುದ್ದದ ಕಡ್ಡಿ. ಕೆಲಸವನ್ನು ಇದರಲ್ಲಿ ತುಂಬಿ ಬೇರೆ ಕಂಪ್ಯೂಟರಿಗೆ ಒಯ್ಯಬಹುದು.
ಯು.ಪಿ.ಎಸ್. – ಕರೆಂಟು ಹೋದಾಗ ಸ್ವಲ್ಪ ಹೊತ್ತು ಕಾಯುತ್ತದೆ. ಅಷ್ಟರಲ್ಲಿ ಕೆಲಸವನ್ನು ‘ಸೇವ್’ ಮಾಡಬೇಕು, ಅಂದರೆ ಉಳಿಸಿಡಬೇಕು.

ಎರಡನೆಯ ಪರದೆ

ಮೊದಲು ಪಹಣಿಯನ್ನು ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದು ಕೊಡುತ್ತಿದ್ದರು. ಆಮೇಲೆ ‘ಭೂಮಿ’ ಯೋಜನೆ ಬಂತು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. 2002ರ ಹೊತ್ತಿಗೆ ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು. ಆ ಕೇಂದ್ರಗಳಲ್ಲಿ ಇನ್ನೊಂದು ಪರದೆ ಇಟ್ಟಿದ್ದರು. ಅದರ ಮುಖ ಜನರ ಕಡೆಗಿತ್ತು. ಏನು ನಡೆಯುತ್ತಿದೆ ಅಂತ ರೈತರೂ ನೋಡಲಿ ಎಂದು ಈ ಏರ್ಪಾಡು.

ಇನ್ನೊಂದು ಮಾತು. ಅಲ್ಲಿ ಕಂಪ್ಯೂಟರ್ ತೆರೆಯಲು ಅಧಿಕಾರಿಗಳೂ ಬೆರಳಚ್ಚು ಕೊಡಬೇಕಿತ್ತು! ಯಂತ್ರದ ಮುಂದೆ ಬೆರಳಿಟ್ಟರೆ ಓದು ಬಾರದವರು ಅಂತ ಅರ್ಥವಲ್ಲ. ನಾಚಿಕೆ ಬೇಡ. ಆದರೆ ಯಾತಕ್ಕೆ ಬೆರಳು ಕೊಡುತ್ತಿದ್ದೇವೆ ಅಂತ ಮೊದಲು ಕೇಳೋಣ.

ಎರಡನೆಯ ಪರದೆ ಇಲ್ಲದ ಕಡೆ ಹೀಗೆ ಹೇಳೋಣ: “ಅಣ್ಣಾ, ಪ್ರಿಂಟ್ ಒತ್ತೋಕೆ ಮುಂಚೆ ಸ್ವಲ್ಪ ಈ ಕಡೆ ತಿರುಗಿಸಿ. ನನ್ನ ಹೆಸರು ಓದ್ತೀನಿ.” ಹೆಸರು, ಗಂಡ ಅಥವಾ ತಂದೆಯ ಹೆಸರು, ಸರ್ವೆ ನಂಬರು, ಎಕರೆ–ಗುಂಟೆ. ಒಂದೊಂದನ್ನೂ ಬೆರಳಿಟ್ಟು ಓದೋಣ.

ಗೋಡೆಯ ಮೇಲೆ ನಮ್ಮ ಮಾತು

ಪ್ರೊಜೆಕ್ಟರ್ ಎಂಬ ಯಂತ್ರವು ಪರದೆಯಲ್ಲಿ ಇರುವುದನ್ನು ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸುತ್ತದೆ. ಹಾಗೆ ಬೀಳುವ ಒಂದೊಂದು ಪುಟವೇ ಸ್ಲೈಡ್. ನಮ್ಮ ಸಂಘ ಗ್ರಾಮಸಭೆಯಲ್ಲಿ ನಲ್ಲಿ ಕೇಳಬೇಕು ಎಂದಿಟ್ಟುಕೊಳ್ಳೋಣ. ಮೂರು ಸ್ಲೈಡ್ ಸಾಕು.

1. ನಾವು ಯಾರು? 15 ಹೆಂಗಸರು. ವಾರದ ಉಳಿತಾಯ ತಲಾ 100 ರೂಪಾಯಿ.
2. ನಮ್ಮ ಕಷ್ಟ ಏನು? ಬೀದಿಯಲ್ಲಿ 40 ಮನೆ. ನಲ್ಲಿ ಒಂದೇ.
3. ನಮಗೆ ಏನು ಬೇಕು? ಇನ್ನೆರಡು ನಲ್ಲಿ. ಯಾವ ತಿಂಗಳೊಳಗೆ?

ನೆನಪಿರಲಿ. ಒಂದು ಸ್ಲೈಡಿಗೆ ಒಂದೇ ವಿಷಯ. ನಾಲ್ಕೈದು ಸಾಲಿಗಿಂತ ಹೆಚ್ಚು ಬೇಡ. ಹಿಂದಿನ ಸಾಲಿನ ಅಜ್ಜಿಗೂ ಕಾಣುವಷ್ಟು ದೊಡ್ಡ ಅಕ್ಷರ ಇರಲಿ. ತಿಳಿ ಬಣ್ಣದ ಮೇಲೆ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆ. ನೀರಿಗೆ ನಿಂತ ಕೊಡಗಳ ಸಾಲಿನ ಒಂದು ಫೋಟೋ ಹಾಕಿದರೆ ಹತ್ತು ಸಾಲು ಬರೆಯುವ ಕೆಲಸ ಉಳಿಯುತ್ತೆ. ಮಾತಾಡುವಾಗ ಗೋಡೆ ನೋಡದೆ ಜನರ ಮುಖ ನೋಡಬೇಕು. ಸ್ಲೈಡಿನಲ್ಲಿ ಇರುವುದನ್ನೇ ಓದಿದರೆ ಕೇಳುವವರಿಗೆ ಬೇಸರ. ಅದನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳಬೇಕು. ಕರೆಂಟು ಕೈಕೊಟ್ಟೀತು. ಒಂದು ಪ್ರತಿ ಪ್ರಿಂಟ್ ಮಾಡಿ ಕೈಯಲ್ಲಿ ಇಟ್ಟುಕೊಳ್ಳೋಣ.

ಹೇಳಿ ನೋಡೋಣ

1. ಒಳಕ್ಕೆ ಹಾಕುವ ಎರಡು ಸಾಧನಗಳ ಹೆಸರು ಬರೆಯಿರಿ.
2. ಪ್ರಿಂಟ್ ಆಗುವ ಮುಂಚೆ ಏನೇನು ಓದಿ ನೋಡಬೇಕು?
3. 15 ಹೆಂಗಸರು, ತಲಾ 100 ರೂಪಾಯಿ. ನಾಲ್ಕು ವಾರಕ್ಕೆ ಉಳಿತಾಯ ಎಷ್ಟು?
4. ನಿಮ್ಮ ಬೀದಿಗೆ ಏನು ಬೇಕು? ಒಂದು ಸ್ಲೈಡಿಗೆ ಆಗುವಷ್ಟು, ನಾಲ್ಕು ಸಾಲಿನಲ್ಲಿ ಬರೆಯಿರಿ.