ಹತ್ತಿಯ ಸೀಮೆಗೆ ಗಿರಣಿ ಬಂದಾಗ

ವಡಗೇರಾ, ಶಹಾಪುರ, ಸುರಪುರ ಸೀಮೆಯ ಎರೆಭೂಮಿಗೆ ಹತ್ತಿಯ ಬೆಳೆಯು ಹೊಸತಲ್ಲ. ಯಂತ್ರಗಳು ಬರುವುದಕ್ಕೆ ಮುಂಚೆ, ಹತ್ತಿಯು ಬಟ್ಟೆಯಾಗುವ ದಾರಿಯ ಮೊದಲರ್ಧವು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿತ್ತು. ಬೀಜ ಬೇರ್ಪಡಿಸಿ ಅರಳೆ ಮಾಡುವುದು, ಹಂಜಿ ಹಿಡಿದು ರಾಟೆಯಲ್ಲಿ ನೂಲು ತೆಗೆಯುವುದು, ಇವೆಲ್ಲ ಮನೆಯ ಪಡಸಾಲೆಯಲ್ಲಿಯೇ ನಡೆಯುತ್ತಿದ್ದ ಕೆಲಸಗಳು. ಅದು ಸಮಾನತೆಯ ಕಾಲವಾಗಿತ್ತೆಂದು ವಾಚಕರು ಭಾವಿಸಬಾರದು. ಸಾಹುಕಾರನ ಬಡ್ಡಿಯೂ ಮೇಲು ಕೀಳೆಂಬ ಭೇದವೂ ಆಗಲೂ ಇದ್ದವು. ಆದರೂ ರಾಟೆಯು ನೂಲುವವಳ ಮನೆಯಲ್ಲಿತ್ತು. ಎಷ್ಟು ಹೊತ್ತು ಕುಳಿತು ಎಂದು ಏಳಬೇಕೆಂಬುದನ್ನು ಅವಳೇ ನಿಶ್ಚಯಿಸುತ್ತಿದ್ದಳು. ಮಗುವಿನ ತೊಟ್ಟಿಲು ಕಣ್ಣೆದುರಿಗೇ ಇರುತ್ತಿತ್ತು.

೧೮೫೬ರಲ್ಲಿ ಮುಂಬಯಿಯ ಮೊದಲನೆಯ ಹತ್ತಿಯ ಗಿರಣಿಯು ಕೆಲಸಕ್ಕೆ ತೊಡಗಿತು. ೧೮೭೧ರಲ್ಲಿ ಮುಂಬಯಿಯ ರೈಲುದಾರಿಯು ಯಾದಗಿರಿಯನ್ನು ಹಾದು ರಾಯಚೂರನ್ನು ಮುಟ್ಟಿತು. ಆ ದಾರಿಯಲ್ಲಿ ಹತ್ತಿಯು ಹೊರಕ್ಕೆ ಹೋಗಿ, ಗಿರಣಿಯ ನೂಲೂ ಬಟ್ಟೆಯೂ ಒಳಕ್ಕೆ ಬಂದವು. ಅದೇ ಶತಮಾನದ ಕೊನೆಯ ಭಾಗದಲ್ಲಿ ಕಲಬುರಗಿಯಲ್ಲಿಯೂ ಮೆಹಬೂಬ್ ಶಾಹಿ ಗಿರಣಿಯು ಸ್ಥಾಪಿತವಾಯಿತು. ಈಗ ಅದು ಮುಚ್ಚಿಹೋಗಿದೆ. ನೇಕಾರನು ಗಿರಣಿಯ ಅಗ್ಗದ ನೂಲನ್ನೇ ಕೊಂಡು ಮಗ್ಗವನ್ನು ಇನ್ನಷ್ಟು ಕಾಲ ನಡೆಸಿದನು. ನೂಲುವವಳಿಗೆ ಆ ಉಪಾಯವೂ ಇರಲಿಲ್ಲ. ನೂರಾರು ಕದಿರುಗಳನ್ನು ಒಮ್ಮೆಗೇ ತಿರುಗಿಸುವ ಯಂತ್ರದೆದುರು ಒಂಟಿ ಕದಿರು ಏನು ಗಳಿಸೀತು? ನೇಕಾರನ ಕಷ್ಟವನ್ನು ಹೇಳುವ ನಮ್ಮ ಚರಿತ್ರೆಯ ಪುಸ್ತಕಗಳು ಇವಳನ್ನು ಮರೆಯುವುದೇ ಹೆಚ್ಚು.

ಗಿರಣಿಯೊಳಗೆ ಯಂತ್ರವು ಮಾಲೀಕನದು, ಹೊತ್ತೂ ಅವನದೇ. ಲಾಭವು ಬಂಡವಾಳ ಹಾಕಿದವರಿಗೆ ಸೇರಿತು. ಅರಳೆಯ ಧೂಳು, ಕೆಮ್ಮು, ಗಿರಣಿ ನಿಂತ ದಿನದ ಹಸಿವು ಕೂಲಿಯವರಿಗೆ ಉಳಿದವು. ವರ್ಗಗಳ ಅಂತರವು ಹಿಗ್ಗಿದ್ದು ಕೂಲಿ ಸಾಲದಾದುದರಿಂದ ಮಾತ್ರವಲ್ಲ, ನಷ್ಟವನ್ನು ಹೊರುವವರು ಬೇರೆಯಾದುದರಿಂದ. ೧೮೮೧ರ ಕಾರ್ಖಾನೆ ಕಾಯಿದೆಯು ಏಳು ವರ್ಷ ತುಂಬದ ಮಕ್ಕಳ ದುಡಿಮೆಯನ್ನು ನಿಷೇಧಿಸಿತು. ೧೮೯೧ರ ಕಾಯಿದೆಯು ಹೆಂಗಸರ ದುಡಿಮೆಗೆ ದಿನಕ್ಕೆ ೧೧ ಗಂಟೆಗಳ ಮಿತಿಯನ್ನು ಹಾಕಿತು. ಹನ್ನೊಂದು ಗಂಟೆಯೂ ದಯೆಯೆನಿಸಿದ ಕಾಲವದು! ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗಕ್ಕೆ ಬ್ರಿಟಿಷರ ಆ ಕಾಯಿದೆಗಳೂ ಅನ್ವಯಿಸುತ್ತಿರಲಿಲ್ಲ. ಮುಂಬಯಿಯ ಕೂಲಿಗಾರರಿಗೆ ವಾರಕ್ಕೊಂದು ಬಿಡುವು ದೊರೆತುದು ೧೮೯೦ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಪ್ರಯತ್ನದಿಂದ. ಅದಕ್ಕಾಗಿ ನೆರೆದ ಮಹಾಸಭೆಯಲ್ಲಿ ಇಬ್ಬರು ಸ್ತ್ರೀಯರೂ ಎದ್ದು ಮಾತನಾಡಿದರೆಂಬುದನ್ನು ನಮ್ಮ ಹುಡುಗಿಯರು ತಿಳಿದಿರಬೇಕು.

ಸ್ವಾತಂತ್ರ್ಯಾನಂತರ ೧೯೪೮ರ ಕಾಯಿದೆಯು ವಾರದ ದುಡಿಮೆಗೆ ೪೮ ಗಂಟೆಗಳ ಮಿತಿಯನ್ನು ಹಾಕಿತು. ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಗಳಿಗೊಂದು ಕೋಣೆಯಿರಬೇಕೆಂದಿತು. ಆದರೆ ಇಂದು ಇದೇ ಸೀಮೆಯಿಂದ ಬೆಂಗಳೂರಿಗೂ ಮುಂಬಯಿಗೂ ಗುಳೆ ಹೋಗುವವರು ಸೇರುವುದು ಕಾರ್ಖಾನೆಯನ್ನಲ್ಲ, ಕಟ್ಟಡದ ಕೆಲಸವನ್ನು. ಅಲ್ಲಿ ತಾಯಿಯು ಇಟ್ಟಿಗೆ ಹೊರುವಾಗ ಕೂಸನ್ನು ನೋಡಿಕೊಳ್ಳಲು ಹಿರಿಯ ಮಗಳು ಬೇಕಾಗುತ್ತಾಳೆ. ಸುಗ್ಗಿ ಮುಗಿದ ಮೇಲೆ ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಬೀಳುವುದು ಅವಳ ಹೆಸರಿನ ಮುಂದೆ.